ನಾಲ್ಕು ಸೆಕೆಂಡಿನ ಮುಖ

ಜುಲೈ 3, ಬುಧವಾರ — ಬೆಳಿಗ್ಗೆ 6.50

ಲ್ಯಾಬ್ ಖಾಲಿ. ಕಸ ಗುಡಿಸುವವರು ಬೀಗ ತೆಗೆದುಕೊಟ್ಟು, ಫ್ಯಾನ್ ಹಾಕಬೇಡ ಧೂಳೇಳುತ್ತೆ ಅಂದು ಹೋದರು. ಎಂಟೂವರೆಗೆ ಚಿಕ್ಕವರ ಕಂಪ್ಯೂಟರ್ ಕ್ಲಾಸ್. ಅಷ್ಟರೊಳಗೆ ಎಡಿಟಿಂಗ್ ಮುಗಿಸಿ, ಕುರ್ಚಿಯನ್ನು ಇದ್ದಲ್ಲೇ ಇಟ್ಟು, ಇಲ್ಲಿ ಯಾರೂ ಕೂತೇ ಇರಲಿಲ್ಲ ಎಂಬಂತೆ ಎದ್ದು ಹೋಗಬೇಕು. ಮೂರು ವಾರದಿಂದ ಇದೇ ಪಾಠ.

ಇವತ್ತು ಬರೀ ಹೆಸರಿಡುವ ಕೆಲಸ. ನಲವತ್ತೊಂದು ಕ್ಲಿಪ್. ಬಸ್‌ಸ್ಟಾಪ್-1, ಬಸ್‌ಸ್ಟಾಪ್-2, ಪಾರ್ಕ್ ಬೆಂಚು, ಕ್ಯಾಮೆರಾ ಆಕಳಿಸಿದ್ದು-3.

ಕ್ಯಾಮೆರಾ ಅಂದರೆ ನಮ್ಮ ಕ್ಲಾಸಿನ ಉದ್ದ ಹುಡುಗ. ಕ್ಯಾಮೆರಾ ಅವನ ಚಿಕ್ಕಪ್ಪನದು, ಹಾಗಾಗಿ ಹಿಡಿಯುವವನೂ ಅವನೇ. ಡೈರೆಕ್ಟರ್ ನನ್ನ ಪಕ್ಕದ ಬೆಂಚಿನವಳು. ಅವಳನ್ನು ಯಾರೂ ಡೈರೆಕ್ಟರ್ ಮಾಡಲಿಲ್ಲ, ಅವಳೇ ಆದಳು. ಮೈಕ್ ಹಿಡಿಯುವುದೂ ಎಡಿಟಿಂಗೂ ನನ್ನ ಪಾಲಿಗೆ ಬಂತು. ಮಾತು ಕಮ್ಮಿ ಇರುವವರ ಕೈಗೆ ಮೈಕ್ ಕೊಟ್ಟರೆ ಒಳ್ಳೆಯದು ಅಂದಳು. ಹೊಗಳಿದಳೋ ತೆಗಳಿದಳೋ ಗೊತ್ತಾಗಲಿಲ್ಲ.

ಶಾಲೆ ಶಾಲೆಗಳ ನಡುವಿನ ಕಿರುಚಿತ್ರ ಸ್ಪರ್ಧೆ. ವಿಷಯ — 'ದಾರಿ ತಪ್ಪುತ್ತಿರುವ ಹದಿಹರೆಯ'. ಹೋದ ವರ್ಷ ಬಂದ ಒಂಬತ್ತು ಫಿಲ್ಮನ್ನೂ ಮೇಷ್ಟ್ರು ತೋರಿಸಿದ್ದರು. ಏಳರಲ್ಲಿ ಹುಡುಗನೊಬ್ಬ ಫೋನಿಗೆ ಅಂಟಿಕೊಂಡು ಕೆಡುತ್ತಾನೆ, ಕೊನೆಗೆ ಫೋನ್ ಎಸೆದು ಅಪ್ಪನನ್ನು ತಬ್ಬಿಕೊಂಡು ಅಳುತ್ತಾನೆ. ಹಿಂದೆ ಪಿಟೀಲು. ಡೈರೆಕ್ಟರ್ ಸುತ್ತೋಲೆಯನ್ನು ಎರಡು ಸಲ ಓದಿ, "ದಾರಿ ತಪ್ಪಿದ್ದಾರೆ ಅಂತ ಯಾರು ನೋಡಿ ಬಂದ್ರಂತೆ?" ಅಂದಳು. ನಮ್ಮ ಫಿಲ್ಮ್ ಅಲ್ಲೇ ಹುಟ್ಟಿತು.

ನಮ್ಮನ್ನು ಎಲ್ಲೆಲ್ಲಿ ಅನುಮಾನದಿಂದ ನೋಡುತ್ತಾರೋ ಅಲ್ಲೆಲ್ಲ ಹೋಗಿ, ಯಾಕೆ ಅಂತ ಕೇಳುವುದು. ನಡುನಡುವೆ ನಮ್ಮಂಥವರು ನಿಜವಾಗಿ ಏನು ಮಾಡುತ್ತಿರುತ್ತಾರೆ ಅಂತ ತೋರಿಸುವುದು. ಇಲ್ಲೇ ನನಗೆ ಸ್ವಲ್ಪ ನಗು. ಅಜ್ಜಿಗೆ ಮಾತ್ರೆ ಕೊಡುವವನು, ತಂಗಿಗೆ ಜಡೆ ಹಾಕುವವನು, ಬೆಳಿಗ್ಗೆ ಪೇಪರ್ ಹಾಕಿ ಶಾಲೆಗೆ ಬರುವವಳು... ಕೆಟ್ಟವರಲ್ಲ ಅಂತ ತೋರಿಸಲು ಹೋಗಿ ಬರೀ ಸಂತರನ್ನೇ ಹಿಡಿದು ತಂದಿದ್ದೇವೆ. ಆಕಳಿಸಿದ್ದು-3 ಹಾಕೋಣ ಅಂದೆ. ಬೇಡ ಅಂದಳು. ಆಕಳಿಸುವವರೂ ನಾವೇ ಅಲ್ಲವೇ.

ಜುಲೈ 6, ಶನಿವಾರ

ಅರ್ಧ ದಿನ ಶಾಲೆ. ನೇರ ಸೂಪರ್ ಮಾರ್ಕೆಟ್‌ಗೆ. ಶಾಲೆ ಎದುರಿನ ರಸ್ತೆಯದು, ಎರಡು ಮಹಡಿ. ಬಾಗಿಲಲ್ಲಿ ಬೋರ್ಡು — 'ಶಾಲಾ ಮಕ್ಕಳು ಒಂದು ಸಲಕ್ಕೆ ಇಬ್ಬರು ಮಾತ್ರ. ಬ್ಯಾಗ್ ಹೊರಗೆ.' ನಾಯಿಗೂ ಒಂದು ಬೋರ್ಡಿದೆ, ಅದರ ಕೆಳಗೇ.

ಬಾಗಿಲಲ್ಲಿ ಟೋಕನ್. ಬ್ಯಾಗ್ ತಗೊಂಡು ಹಿತ್ತಾಳೆ ಟೋಕನ್ ಕೊಡುತ್ತಾರೆ, ಅದಕ್ಕೆ ಆ ಹೆಸರು. ನಿಜವಾದ ಹೆಸರು ಗೊತ್ತಿಲ್ಲ. ಐವತ್ತೈದು ದಾಟಿರಬಹುದು. ನೀಲಿ ಅಂಗಿ, ಸವೆದ ಕಾಲರನ್ನು ಹಿಂದುಮುಂದು ಮಾಡಿ ಹೊಲಿಸಿದ್ದು.

ಮೊದಲು ಡೈರೆಕ್ಟರ್ ಪ್ರಶ್ನೆ ಕೇಳುವುದನ್ನು ತೆಗೆದೆವು. "ಅಂಕಲ್, ನಮ್ಮನ್ನ ಯಾಕೆ ಇಬ್ಬಿಬ್ಬರನ್ನೇ ಬಿಡ್ತೀರಿ? ನಾವೇನು ಕಳ್ಳರಾ?" ಮೂರು ಟೇಕ್. ಮೂರನೆಯದರಲ್ಲಿ ಅವಳ ದನಿ ಸ್ವಲ್ಪ ನಡುಗಿತು, ಅದೇ ಚೆನ್ನಾಗಿದೆ. ಆಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡ್ ಸಮೇತ ತಿರುಗಿಸಿ ಟೋಕನ್ ಕಡೆ ಇಟ್ಟೆವು. ಅವರು ಉತ್ತರ ಹೇಳಿದರು. ಉದ್ದಕ್ಕೇ ಹೇಳಿದರು. ನಾನು ಸೌಂಡ್ ಮೀಟರ್ ನೋಡುತ್ತಿದ್ದೆ, ಫ್ರೀಜರ್ ಗುಂಯ್ ಅನ್ನುತ್ತಿತ್ತು. ಮಾತು ಕೆಂಪಿಗೆ ಹೋಗಬಾರದು, ತೀರ ಕೆಳಗೂ ಇಳಿಯಬಾರದು. ಎಲ್ಲೂ ಕೆಂಪಿಗೆ ಹೋಗಲಿಲ್ಲ. ಏನು ಹೇಳಿದರು ಅಂತ ಇಲ್ಲಿ ಬರೆಯುವ ಅಗತ್ಯವಿಲ್ಲ, ಕ್ಲಿಪ್‌ನಲ್ಲಿದೆ.

ಕೊನೆಗೆ ರೂಮ್ ಟೋನ್. ಪ್ರತಿ ಜಾಗದ ಖಾಲಿ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳಬೇಕು, ಮಾತು ಕತ್ತರಿಸಿದ ಕಡೆ ತೇಪೆ ಹಾಕಲು. ಅದನ್ನು ನನ್ನ ಫೋನಿನಲ್ಲೇ ಹಿಡಿಯುತ್ತೇನೆ. "ಈಗ ಒಂದು ನಿಮಿಷ ಯಾರೂ ಮಾತಾಡಬಾರ್ದು. ಅಂಕಲ್, ನೀವೂ. ಅಲ್ಲಾಡಲೂಬೇಡಿ" ಅಂದೆ. ಪಾಪ, ನಿಂತಲ್ಲೇ ನಿಂತರು. ಗಿರಾಕಿಯೊಬ್ಬರು ಟೋಕನ್ ಕೇಳಿದರೂ ಬರೀ ಕಣ್ಣಲ್ಲೇ ಕಾಯಿರಿ ಅಂದರು.

ಜುಲೈ 8, ಸೋಮವಾರ — 7.10

ಉತ್ತರ ಇಲ್ಲ.

ಮೂರು ಸಲ ಹುಡುಕಿದೆ. ಕಾರ್ಡಿನಲ್ಲಿ ಪ್ರಶ್ನೆಯ ಮೂರು ಟೇಕ್ ಇದೆ. ಆಮೇಲೆ ನೇರ ಟೋಕನ್ ಸುಮ್ಮನೆ ನಿಂತಿರುವ ಒಂದು ನಿಮಿಷ ಇಪ್ಪತ್ತು ಸೆಕೆಂಡು.

ಏನಾಗಿದೆ ಅಂತ ಹೊಳೆಯಲು ಹತ್ತು ನಿಮಿಷ ಬೇಕಾಯಿತು. ಕ್ಯಾಮೆರಾ ಗುಂಡಿಯನ್ನು ಎರಡು ಸಲ ಒತ್ತಿಬಿಟ್ಟಿದ್ದಾನೆ. ಶುರುವಾಗಿ ಅಲ್ಲೇ ನಿಂತಿದೆ. ಅವನ ತಲೆಯಲ್ಲಿ ಓಡುತ್ತಿತ್ತು, ಡಬ್ಬದಲ್ಲಿ ಓಡುತ್ತಿರಲಿಲ್ಲ. ಉತ್ತರ ಮುಗಿದ ಮೇಲೆ 'ನಿಲ್ಲಿಸಲು' ಒತ್ತಿದ್ದು ಶುರುವಾಗಿದೆ. ನನ್ನ ಮೈಕಿನ ವಯರೂ ಕ್ಯಾಮೆರಾಕ್ಕೇ ಹೋಗುವುದರಿಂದ ಮಾತೂ ಇಲ್ಲ, ಮುಖವೂ ಇಲ್ಲ.

ಅವನಿಗೆ ಹೇಳಿದೆ. "ಕೆಂಪು ಚುಕ್ಕಿ ಕಂಡಿತ್ತು ಕಣೇ" ಅಂದ. ಕಂಡಿರಬಹುದು. ಅದು ಅರ್ಧ ಸೆಕೆಂಡು ಕಾಣುತ್ತದೆ.

ಮತ್ತೆ ಹೋಗಿ ಕೇಳೋಣ ಅಂದೆ. ಡೈರೆಕ್ಟರ್‌ಗೆ ಸಮಯವಿಲ್ಲ, ಶುಕ್ರವಾರ ಕೊಡಬೇಕು, ಅವಳಿಗೆ ಅಷ್ಟರಲ್ಲಿ ಎರಡು ಟೆಸ್ಟ್. "ಇರೋದ್ರಲ್ಲಿ ಏನಾದ್ರೂ ಮಾಡು. ನಿನಗೆ ಬರುತ್ತೆ" ಅಂದಳು.

ಜುಲೈ 9, ಮಂಗಳವಾರ — 7.40

ಮಾಡಿದೆ.

ಮೂರನೇ ಟೇಕಿನ ಪ್ರಶ್ನೆ — "ನಾವೇನು ಕಳ್ಳರಾ?" ಅದರ ಬೆನ್ನಿಗೇ ಟೋಕನ್ ಮುಖ, ರೂಮ್ ಟೋನಿನದು. ಹುಬ್ಬು ಸ್ವಲ್ಪ ಗಂಟಿಕ್ಕಿದೆ, ತುಟಿ ಬಿಗಿದಿದೆ, ಕಣ್ಣು ಅಲ್ಲಾಡುವುದಿಲ್ಲ. ಎರಡು ಸೆಕೆಂಡು ಇಟ್ಟೆ — ಸಾಲಲಿಲ್ಲ. ಆರು ಇಟ್ಟೆ — ನೋಡುವವರಿಗೆ ಕೆಮ್ಮು ಬರುವಂತಿತ್ತು. ನಾಲ್ಕು. ನಾಲ್ಕು ಸೆಕೆಂಡಿಗೆ ಮೈ ಜುಂ ಅಂದಿತು. ಆ ಮೌನದಲ್ಲಿ 'ಹೌದು, ಕಳ್ಳರೇ' ಅನ್ನುವುದು ಕೂಗಿ ಹೇಳಿದಷ್ಟು ಸ್ಪಷ್ಟ. ಆಮೇಲೆ ಬೋರ್ಡು. ಆಮೇಲೆ ಕತ್ತಲೆ.

ಹನ್ನೆರಡು ಸಲ ನೋಡಿದೆ. ಇಷ್ಟು ಚೆನ್ನಾದ್ದು ನಾನು ಯಾವತ್ತೂ ಮಾಡಿಲ್ಲ. ಖುಷಿಯಾಯಿತು. ಬರೆದಿಡುತ್ತೇನೆ, ಯಾರು ಓದಬೇಕು — ಬಹಳ ಖುಷಿಯಾಯಿತು.

ಜುಲೈ 12, ಶುಕ್ರವಾರ

ಡೈರೆಕ್ಟರ್ ನೋಡಿದಳು. ಆ ಜಾಗ ಬಂದಾಗ ಉಸಿರು ಬಿಡಲಿಲ್ಲ. ಮುಗಿದ ಮೇಲೆ ಒಂದೇ ಮಾತು, "ಇದನ್ನ ಮುಟ್ಟಬೇಡ."

ಅವರು ಉತ್ತರ ಹೇಳಿದ್ದರಲ್ಲ, ಏನೆಂದರು ನೆನಪಿದೆಯಾ ಅಂತ ಇಬ್ಬರನ್ನೂ ಕೇಳಿದೆ. "ಮಾಲೀಕರ ಬಗ್ಗೆ ಏನೋ" ಅಂದ ಕ್ಯಾಮೆರಾ. ಮುಂದಿನ ಪ್ರಶ್ನೆ ಯೋಚಿಸುತ್ತಿದ್ದೆ ಅಂದಳು ಡೈರೆಕ್ಟರ್. ನಾನು ಮೀಟರ್ ನೋಡುತ್ತಿದ್ದೆ. ಮೂರು ಜನ ಎದುರಿಗೆ ನಿಂತಿದ್ದೆವು.

ಕೊಟ್ಟು ಬಂದೆವು.

ಜುಲೈ 20, ಶನಿವಾರ

ಶಾಲೆಯ ಹಾಲ್, ಸ್ಪರ್ಧೆಯ ಮೊದಲ ಸುತ್ತು. ಒಂಬತ್ತರಿಂದ ಹನ್ನೆರಡನೇ ಕ್ಲಾಸಿನವರೆಗೆ ಎಲ್ಲರೂ, ಹಿಂದಿನ ಸಾಲಿನಲ್ಲಿ ಅಪ್ಪಅಮ್ಮಂದಿರು. ಅಮ್ಮನಿಗೆ ಡ್ಯೂಟಿ, ಬರಲಿಲ್ಲ.

ಟೋಕನ್ ಮುಖ ಬಂದಾಗ ಮೊದಲು ನಗು. ಮೂರನೇ ಸೆಕೆಂಡಿಗೆ ನಗು ನಿಂತಿತು. ನಾಲ್ಕಕ್ಕೆ ಹಾಲ್ ಪೂರ್ತಿ ಗಪ್‌ಚಿಪ್. ಅಷ್ಟು ಜನರ ಉಸಿರನ್ನು ಬೆರಳಲ್ಲಿ ಹಿಡಿದಂತೆ ಅನ್ನಿಸಿತು, ಸುಳ್ಳೇಕೆ.

ಮೊದಲ ಸ್ಥಾನ. ಮುಂದಿನ ತಿಂಗಳು ಇಪ್ಪತ್ನಾಲ್ಕಕ್ಕೆ ಫೈನಲ್. ಮೇಷ್ಟ್ರು ಮೈಕ್ ಹಿಡಿದು, "ನಾವು ದೊಡ್ಡವರು ನಮ್ಮ ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡ ಹಾಗಾಯಿತು" ಅಂದರು. ಪೋಷಕರೊಬ್ಬರು ಆ ತುಣುಕನ್ನು ಮಾತ್ರ ಫೋನಿನಲ್ಲಿ ಹಿಡಿದು ಕ್ಲಾಸಿನ ಗುಂಪಿಗೆ ಹಾಕಿದ್ದಾರೆ. ಸಂಜೆಯೊಳಗೆ ನನ್ನ ಸೋದರತ್ತೆಗೂ ತಲುಪಿದೆ. ಅವರಿಗೂ ನಮ್ಮ ಶಾಲೆಗೂ ಯಾವ ಸಂಬಂಧವೂ ಇಲ್ಲ.

ಜುಲೈ 23, ಮಂಗಳವಾರ

ಕಾರಿಡಾರಿನಲ್ಲಿ ಹೊಸ ಆಟ. ಒಬ್ಬರು ಏನಾದರೂ ಕೇಳುವುದು, ಇನ್ನೊಬ್ಬರು ಮುಖ ಗಂಟಿಕ್ಕಿ ನಿಲ್ಲುವುದು, ಸುತ್ತ ಇದ್ದವರು ಒಂದು ಎರಡು ಮೂರು ನಾಲ್ಕು ಎಣಿಸುವುದು. ಲೆಕ್ಕದ ಮೇಡಮ್ ಎದುರಿಗೂ ಮಾಡಿದರು. ಅವರೂ ನಕ್ಕರು.

ಆಗಸ್ಟ್ 5, ಸೋಮವಾರ

ಎರಡು ವಾರ ಟೆಸ್ಟು, ಬರೆಯಲಾಗಲಿಲ್ಲ.

ಇವತ್ತು ಸೂಪರ್ ಮಾರ್ಕೆಟ್ ಮಾಲೀಕರು ನಮ್ಮ ಮೂವರನ್ನೂ ಕರೆಸಿದ್ದರು, ಮೇಷ್ಟ್ರ ಸಮೇತ. ಬೋರ್ಡು ತೆಗೆಯುವ ಕಾರ್ಯಕ್ರಮ. ಸ್ಕ್ರೂಡ್ರೈವರ್ ಡೈರೆಕ್ಟರ್ ಕೈಗೆ ಕೊಟ್ಟರು, ಫೋಟೋ ತೆಗೆಸಿದರು. "ಮಕ್ಕಳೇ, ನೀವು ನನ್ನ ಕಣ್ಣು ತೆರೆಸಿದ್ರಿ. ಇನ್ಮೇಲೆ ಎಷ್ಟು ಜನ ಬೇಕಾದ್ರೂ ಬನ್ನಿ" ಅಂದರು. ನಮಗೆಲ್ಲ ಒಂದೊಂದು ಜ್ಯೂಸ್ ಪ್ಯಾಕೆಟ್. ಬೋರ್ಡು ಹಾಕಿಸಿದವರೂ ಅವರೇ, ತೆಗೆಸಿದವರೂ ಅವರೇ. ನಡುವೆ ಯಾರ ಮುಖ ಇತ್ತು ಅನ್ನುವುದು ಮಾತ್ರ ಬೇರೆ.

ಬಾಗಿಲಲ್ಲಿ ಹೊಸಬರು, ಇಪ್ಪತ್ತರ ಹೆಣ್ಣುಮಗಳು, ನಗುತ್ತಾ ನಿಂತಿದ್ದರು. ಟೋಕನ್ ಅಂಕಲ್ ಎಲ್ಲಿ ಅಂತ ಕೇಳಿದೆ. "ಅವರನ್ನ ಹಿಂದೆ ಗೋಡೌನಿಗೆ ಹಾಕಿದೀನಿ. ಆ ಮುಖ ಬಾಗಿಲಲ್ಲಿ ಬೇಡಮ್ಮ, ಜನ ಬೆರಳು ತೋರಿಸಿ ನಗ್ತಾರೆ. ಅಂಥವರಿಂದಾನೇ ನನಗೂ ಕೆಟ್ಟ ಹೆಸರು" ಅಂದರು ಮಾಲೀಕರು.

ಜ್ಯೂಸ್ ಕುಡಿದೆವು. ಡೈರೆಕ್ಟರ್ ಸ್ಕ್ರೂ ಒಂದನ್ನು ನೆನಪಿಗೆ ಜೇಬಿಗೆ ಹಾಕಿಕೊಂಡಳು.

ಆಗಸ್ಟ್ 7, ಬುಧವಾರ — 7.15

ಲ್ಯಾಬಿನ ಬಾಗಿಲಲ್ಲಿ ಒಂದು ಹುಡುಗಿ. ಒಂಬತ್ತನೇ ಕ್ಲಾಸು. ಎರಡು ಜಡೆ, ಒಂದು ಬಿಚ್ಚಿಹೋಗಿತ್ತು. ಇಷ್ಟು ಬೆಳಿಗ್ಗೆ ಬಂದದ್ದು ನಾನಿರುತ್ತೇನೆ ಅಂತ ಗೊತ್ತಿದ್ದೇ.

"ಅಕ್ಕ, ಫಿಲ್ಮ್ ಎಡಿಟ್ ಮಾಡಿದ್ದು ನೀವಾ?"

ಹೂಂ ಅಂದೆ. ಎಲ್ಲರೂ ಹೊಗಳಲು ಬರುವ ಕಾಲ, ಇವಳೂ ಅದಕ್ಕೇ ಬಂದಳು ಅಂದುಕೊಂಡೆ.

"ಬಾಗಿಲಲ್ಲಿ ನಿಂತಿದ್ದು ನಮ್ಮಪ್ಪ. ಅಪ್ಪ ಅದಕ್ಕೆ ಉತ್ತರ ಹೇಳಿದ್ರಂತೆ. ಅದು ಯಾಕಿಲ್ಲ?"

ರೆಕಾರ್ಡ್ ಆಗಲಿಲ್ಲ ಅಂದೆ.

"ಮತ್ತೆ ಸುಮ್ನೆ ನಿಂತಿದ್ದು ಯಾವಾಗ?"

ಹೇಳಿದೆ. ಎಲ್ಲವನ್ನೂ ಹೇಳಿದೆ, ಯಾಕೋ ಸುಳ್ಳು ಬಾಯಿಗೆ ಬರಲಿಲ್ಲ. ಕೇಳಿಸಿಕೊಂಡಳು. ಅಳಲಿಲ್ಲ, ಬಯ್ಯಲಿಲ್ಲ.

"ನಾನು ಕಾರಿಡಾರಲ್ಲಿ ಹೋದ್ರೆ ಎಣಿಸ್ತಾರೆ ಅಕ್ಕ. ಒಂದು ಎರಡು ಮೂರು ನಾಲ್ಕು ಅಂತ. ಅಪ್ಪನಿಗೆ ಹೇಳಿಲ್ಲ. ಅಪ್ಪ ಮೊನ್ನೆ ಕನ್ನಡಿ ಮುಂದೆ ನಿಂತ್ಕೊಂಡು, ನನ್ನ ಮುಖ ಅಷ್ಟು ಕೆಟ್ಟದಾಗಿದೆಯಾ ಅಂತ ಕೇಳಿದ್ರು."

ಬಿಚ್ಚಿದ ಜಡೆ ಕಟ್ಟಿಕೊಳ್ಳುತ್ತ ಹೋದಳು. ಎಂಟೂವರೆವರೆಗೆ ಕೂತಿದ್ದೆ. ಕಂಪ್ಯೂಟರ್ ಆನ್ ಮಾಡಲಿಲ್ಲ.

ನಾಚಿಕೆ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಆಗಸ್ಟ್ 8, ಗುರುವಾರ

ಊಟದ ಬಿಡುವಿನಲ್ಲಿ ಡೈರೆಕ್ಟರ್‌ಗೆ ಹೇಳಿದೆ. ಆ ಶಾಟ್ ತೆಗೆಯಬೇಕು.

"ತಲೆ ಕೆಟ್ಟಿದೆಯಾ? ಅದನ್ನ ತೆಗೆದ್ರೆ ಫಿಲ್ಮಲ್ಲಿ ಏನಿದೆ? ತಂಗಿಗೆ ಜಡೆ ಹಾಕೋದಾ?"

ಅದು ಸುಳ್ಳು ಅಂದೆ.

ಆಗ ಹೇಳಿದಳು. ಎಂಟನೇ ಕ್ಲಾಸಿನಲ್ಲಿದ್ದಾಗ ಅದೇ ಅಂಗಡಿಯಲ್ಲಿ, ಬಿಲ್ ಕೌಂಟರಿನ ಪಕ್ಕ, ಅವಳ ಬ್ಯಾಗನ್ನು ತಲೆಕೆಳಗು ಮಾಡಿ ಸುರಿದಿದ್ದರಂತೆ. ಒಂದು ಪೆನ್ನು ಕಾಣೆಯಾಗಿತ್ತಂತೆ. ಅವಳಜ್ಜಿ ಪಕ್ಕದಲ್ಲೇ ಇದ್ದರು. ಬ್ಯಾಗಿನಿಂದ ಟಿಫಿನ್ ಡಬ್ಬ, ಪುಸ್ತಕ, ಇನ್ನೂ ಏನೇನೋ ನೆಲಕ್ಕೆ ಬಿದ್ದವು — ಎಲ್ಲರೂ ನೋಡಬಾರದಂಥವೂ. ಪೆನ್ನು ಸಿಗಲಿಲ್ಲ. ಸಾರಿ ಅಂತಲೂ ಅನ್ನಲಿಲ್ಲ. "ನಿಜ ಹೇಳು, ತಗೊಂಡಿದ್ಯಾ?" ಅಂತ ಮನೆಗೆ ಹೋದ ಮೇಲೆ ಅಜ್ಜಿ ಕೇಳಿದರಂತೆ.

"ಇದು ಸುಳ್ಳಾ?" ಅಂದಳು.

"ಅದನ್ನ ಮಾಡಿದ್ದು ಅವರಾ?"

"ಅಲ್ಲ. ಮ್ಯಾನೇಜರ್. ಈಗ ಕೆಲಸ ಬಿಟ್ಟಿದ್ದಾನೆ." ಡಬ್ಬದ ಅನ್ನ ಕೆದಕುತ್ತಾ, "ಯಾರದಾದ್ರೂ ಒಬ್ಬರ ಮುಖ ಬೇಕಿತ್ತಲ್ಲ" ಅಂದಳು.

ಬೆಲ್ ಆಯಿತು. ಅವಳು ಅರ್ಧ ಡಬ್ಬ ಹಾಗೇ ಮುಚ್ಚಿದಳು.

ಆಗಸ್ಟ್ 9, ಶುಕ್ರವಾರ — ಸಂಜೆ

ಅಮ್ಮ ಲ್ಯಾಬಿನಿಂದ ಬೇಗ ಬಂದಿದ್ದಳು. ಅವಳ ಲ್ಯಾಬ್ ಬೇರೆ — ರಕ್ತ ಪರೀಕ್ಷೆಯದು. ದಿನಕ್ಕೆ ಅರವತ್ತು ಎಪ್ಪತ್ತು ಜನರ ತೋಳಿಗೆ ಚುಚ್ಚುತ್ತಾಳೆ. ಕಾಲು ಚಾಚಿ ಕೂತು ಬಟಾಣಿ ಬಿಡಿಸುತ್ತಿದ್ದಳು. ನಾನೂ ಕೂತೆ. ಹೇಳುತ್ತಾ ಹೋದೆ. ಅವಳು ನನ್ನನ್ನು ನೋಡಲಿಲ್ಲ, ಅದು ಅನುಕೂಲವಾಯಿತು.

"ಗೊತ್ತಿಲ್ದೆ ಆಯ್ತಾ, ಗೊತ್ತಿದ್ದು ಮಾಡಿದ್ಯಾ?"

"ಗುಂಡಿ ಒತ್ತಿದ್ದು ಗೊತ್ತಿಲ್ದೆ. ಮುಖ ಹಾಕಿದ್ದು ಗೊತ್ತಿದ್ದೇ."

"ನಮ್ಮಲ್ಲಿ ಒಬ್ಬರ ಟ್ಯೂಬಿಗೆ ಇನ್ನೊಬ್ಬರ ಲೇಬಲ್ ಅಂಟಿಸಿಬಿಟ್ರೆ, ಆಮೇಲೆ ಎಷ್ಟು ತಲೆ ಕೆರ್ಕೊಂಡ್ರೂ ಆ ರಕ್ತ ಯಾರದು ಅಂತ ಹೇಳೋಕಾಗಲ್ಲ. ಚೆಲ್ಲಬೇಕು. ಮನೆಗೆ ಫೋನ್ ಮಾಡಿ, ತಪ್ಪು ನಮ್ದು, ಇನ್ನೊಂದು ಸಲ ಬನ್ನಿ ಅಂತ ಕರೀಬೇಕು. ಬಂದು ಬಾಯಿಗೆ ಬಂದಂಗೆ ಬಯ್ತಾರೆ. ಬೈಸ್ಕೊಂಡೇ ಚುಚ್ಚಬೇಕು."

"ಬರಲ್ಲ ಅಂದ್ರೆ?"

"ನಾವೇ ಅವರ ಮನೆಗೆ ಹೋಗ್ಬೇಕು ಪುಟ್ಟಿ. ರಿಪೋರ್ಟ್ ಅಂತೂ ಕೊಡೋ ಹಾಗಿಲ್ಲ."

ಬಟಾಣಿ ಸಿಪ್ಪೆ ನನ್ನ ಕೈಗೆ ಕೊಟ್ಟು ಎಸೆದು ಬಾ ಅಂದಳು.

ಆಗಸ್ಟ್ 11, ಭಾನುವಾರ

ಗೋಡೌನಿಗೆ ಹೋಗಿದ್ದೆ. ಒಬ್ಬಳೇ. ಅಂಗಡಿಯ ಹಿಂದಿನ ಓಣಿ, ಶಟರ್ ಅರ್ಧ ಏರಿಸಿತ್ತು. ಒಳಗೆ ಸೋಪಿನ ವಾಸನೆ, ಮೂಗು ಉರಿಯುವಷ್ಟು. ಟೋಕನ್ ಅಂಕಲ್ ಪೆಟ್ಟಿಗೆಗಳ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆಯುತ್ತಿದ್ದರು. ಸೊಂಟಕ್ಕೆ ಅಗಲವಾದ ಪಟ್ಟಿ. ಭಾರ ಎತ್ತುವವರು ಕಟ್ಟುವುದು.

ಗುರುತು ಹಿಡಿದರು. ಕೂರು ಅನ್ನಲಿಲ್ಲ.

ಅಮ್ಮ ಹೇಳಿದ ಹಾಗೇ ಹೇಳಿದೆ. ತಪ್ಪು ನಮ್ಮದು. ನೀವು ಹೇಳಿದ್ದು ರೆಕಾರ್ಡ್ ಆಗಲಿಲ್ಲ. ನೀವು ಮಾತಾಡದೆ ನಿಂತಿದ್ದು ನಾನು ನಿಲ್ಲಿ ಅಂದಿದ್ದಕ್ಕೆ. ಅದನ್ನ ಅಲ್ಲಿ ಹಾಕಿದ್ದು ನಾನೇ.

"ಗೊತ್ತು. ಮಗಳು ಹೇಳಿದ್ಲು" ಅಂದರು. ಇನ್ನೊಂದು ಪೆಟ್ಟಿಗೆಗೆ ತಾರೀಕು ಬರೆದರು.

"ಅವತ್ತು ಹೇಳಿದ್ದನ್ನ ಇನ್ನೊಂದು ಸಲ ಹೇಳ್ತೀರಾ? ರೆಕಾರ್ಡ್ ಮಾಡ್ಕೊಂಡು ಫಿಲ್ಮಿಗೆ ಹಾಕ್ತೀನಿ."

"ಹೇಳಲ್ಲ."

ಆ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು.

"ಏನ್ ಹೇಳಿದ್ದೆ ಅಂತ ನೆನಪಿದೆ. ಮೂರು ವರ್ಷ ಆ ಬಾಗಿಲಲ್ಲಿ ನಿಂತಿದ್ದೆ, ನಿಮ್ಮ ಸ್ಕೂಲಿನ ಮಕ್ಕಳಿಂದ ಒಂದು ರಬ್ಬರ್ ಕೂಡ ಹೋಗಿಲ್ಲ. ಬೋರ್ಡ್ ತೆಗೀರಿ ಅಂತ ಮಾಲೀಕರಿಗೆ ಎರಡು ಸಲ ಹೇಳಿ ಬೈಸ್ಕೊಂಡಿದೀನಿ. ಅದನ್ನೇ ನಿಮಗೂ ಹೇಳಿದ್ದು. ಆದ್ರೆ ಅದು ಅವತ್ತಿನ ಮಾತು. ಇವತ್ತು ಹಂಗೇ ಹೇಳಿದ್ರೆ ನಾಟಕ ಆಗುತ್ತೆ."

ಫೋನ್ ಕೈಯಲ್ಲೇ ಇತ್ತು, ಓಡುತ್ತಿತ್ತು. ಬಂದಾಗಲೇ ತೋರಿಸಿ ಕೇಳಿದ್ದೆ, ಇರಲಿ ಅಂದಿದ್ದರು. ಈ ಸಲ ಮೀಟರ್ ನೋಡಲಿಲ್ಲ.

"ಇವತ್ತು ಕೇಳಿದ್ರೆ ಏನ್ ಹೇಳ್ತೀರಿ?"

"ಕೇಳು."

ಕೇಳಿದೆ. "ನಾವೇನು ಕಳ್ಳರಾ ಅಂಕಲ್?"

ಸೀಮೆಸುಣ್ಣ ಪೆಟ್ಟಿಗೆ ಮೇಲಿಟ್ಟರು. ಕೈ ಒರೆಸಿಕೊಂಡರು.

"ಹೂಂ. ನೀವು ಮೂರು ಜನ. ಬೇರೆ ಮಕ್ಕಳ ಮೇಲೆ ಹಾಕಬೇಡ. ಬರೀ ನೀವು ಮೂರು ಜನ."

ದನಿ ಏರಲಿಲ್ಲ. ಆಮೇಲೆ, ಶಟರ್ ಹತ್ರ ತಲೆ ಬಗ್ಗಿಸು, ತಗಲುತ್ತೆ ಅಂದರು.

ಆಗಸ್ಟ್ 12, ಸೋಮವಾರ — 6.40

ಟೋಕನ್ ಅಂಕಲ್ ಸುಮ್ಮನೆ ನಿಂತ ಆ ಕ್ಲಿಪ್ಪಿನ ಸದ್ದನ್ನು ನಾನು ಅವತ್ತು ತೆಗೆದುಬಿಟ್ಟಿದ್ದೆ. ಇವತ್ತು ಮತ್ತೆ ಹಾಕಿದೆ, ಅಷ್ಟೇ. ಡೈರೆಕ್ಟರ್ ಕೇಳುತ್ತಾಳೆ — ನಾವೇನು ಕಳ್ಳರಾ. ಟೋಕನ್ ಅಂಕಲ್ ಮುಖ ಬರುತ್ತದೆ. ಅದರ ಮೇಲೆ ನನ್ನ ದನಿ, "ಯಾರೂ ಮಾತಾಡಬಾರ್ದು. ಅಂಕಲ್, ನೀವೂ. ಅಲ್ಲಾಡಲೂಬೇಡಿ." ನಾಲ್ಕು ಸೆಕೆಂಡಿಗೆ ಕತ್ತರಿಸಲಿಲ್ಲ. ಇಪ್ಪತ್ತೆರಡು. ಗಿರಾಕಿ ಬಂದು ಕೇಳಿದರೂ ಕಣ್ಣಲ್ಲೇ ಕಾಯಿರಿ ಅನ್ನುವವರೆಗೆ. ಅದೇ ಮುಖ. ಗಂಟಿಕ್ಕಿದ ಹುಬ್ಬಲ್ಲ ಅದು, ಹೇಳಿದ ಕೆಲಸವನ್ನು ಸರಿಯಾಗಿ ಮಾಡುತ್ತಿರುವವರ ಹುಬ್ಬು. ಇಷ್ಟು ದಿನ ನೋಡಿದ್ದೇನೆ, ಕಂಡಿರಲಿಲ್ಲ.

ಆಮೇಲೆ ಕತ್ತಲೆ. ಗೋಡೌನಿನ ಮಾತು, ಮೊದಲಿಂದ ಕೊನೆಯವರೆಗೆ. ಒಂದಕ್ಷರ ಕತ್ತರಿಸಿಲ್ಲ.

ಆಕಳಿಸಿದ್ದು-3 ಕೂಡ ಹಾಕಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಕಬೇಕೆನಿಸಿತು.

ಆಗಸ್ಟ್ 14, ಬುಧವಾರ

ಫೈನಲ್‌ಗೆ ಬದಲಾಯಿಸಿದ ಪ್ರತಿ ಕೊಡಲು ಇವತ್ತು ಕೊನೆ. ಫಾರಮ್ಮಿಗೆ ಡೈರೆಕ್ಟರ್ ಸಹಿ ಬೇಕು. ಮೇಷ್ಟ್ರು ನೋಡಿ ಕನ್ನಡಕ ತೆಗೆದು ಒರೆಸಿದರು. "ಇದನ್ನ ಕಳಿಸಿದ್ರೆ ಬಹುಮಾನದ ಆಸೆ ಬಿಡ್ಬೇಕಮ್ಮ. ಕಳಿಸೋದು ಬಿಡೋದು ನಿಮ್ಮ ಮೂರು ಜನಕ್ಕೆ ಬಿಟ್ಟಿದ್ದು" ಅಂದು ಕೈ ತೊಳೆದುಕೊಂಡರು.

ಕ್ಯಾಮೆರಾ ಮೊದಲೇ ಹೂಂ ಅಂದಿದ್ದ. "ಗುಂಡಿ ಒತ್ತಿದ್ದು ನಾನು ಅಂತ ಎಲ್ಲಾದ್ರೂ ಬರೀರಿ" ಅಂದ. ಬರೆದಿದ್ದೇವೆ, ಫಿಲ್ಮಿನ ಕೊನೆಗೆ ಹೆಸರುಗಳು ಬರುವ ಕಡೆ.

ಡೈರೆಕ್ಟರ್ ಆರು ದಿನದಿಂದ ನನ್ನ ಹತ್ತಿರ ಮಾತಾಡಿರಲಿಲ್ಲ. ಲ್ಯಾಬಿಗೆ ಬಂದಳು. ಹೆಡ್‌ಫೋನ್ ಹಾಕಿಕೊಂಡಳು. ನಾನು ಕಿಟಕಿ ಕಡೆ ನೋಡುತ್ತಾ ನಿಂತೆ. ಮುಗಿಯಿತು. ಹಿಂದಕ್ಕೆ ಎಳೆದು ಗೋಡೌನಿನ ಮಾತನ್ನು ಇನ್ನೊಂದು ಸಲ ಕೇಳಿದಳು. ಮತ್ತೂ ಒಂದು ಸಲ.

ಹೆಡ್‌ಫೋನ್ ತೆಗೆದು, "ಮಾಡಿದ ತಪ್ಪಿಗೇ ಬೈಸ್ಕೊಂಡಿದ್ದು ಇದೇ ಮೊದಲು" ಅಂದಳು.

ಸಹಿ ಹಾಕಿದಳು. ಮೂಗು ಕೆಂಪಗಾಗಿತ್ತು. ನೋಡದ ಹಾಗೆ ಇದ್ದೆ.

ಆಗಸ್ಟ್ 17, ಶನಿವಾರ

ಫೈನಲ್‌ಗೆ ಬನ್ನಿ ಅಂತ ಕರೆಯಲು ಮೂವರೂ ಗೋಡೌನಿಗೆ ಹೋಗಿದ್ದೆವು. ಡೈರೆಕ್ಟರ್ ಒಂದು ಪುಟ ಬರೆದುಕೊಂಡು ಬಂದಿದ್ದಳು, ಓದಲಿಲ್ಲ. "ಸಾರಿ ಅಂಕಲ್" ಅಂದಳು. "ಬೆಳಿಗ್ಗೆ ಲೋಡ್ ಬರುತ್ತೆ, ನೋಡೋಣ" ಅಂದರು ಅವರು.

ಆಮೇಲೆ ಅವಳು ಮಾಲೀಕರ ಹತ್ತಿರ ಹೋಗಿ, ಅವರನ್ನು ಬಾಗಿಲಿಗೆ ವಾಪಸ್ ಹಾಕಿ ಅಂದಳು. ಎಲ್ಲ ಹೇಳಿದಳು. "ಅದೆಲ್ಲ ಈಗ ಯಾರಿಗೆ ನೆನಪಿರುತ್ತಮ್ಮ, ಫೈನಲ್ ಚೆನ್ನಾಗಿ ಮಾಡಿ" ಅಂದರು ಮಾಲೀಕರು. ನೆನಪಿಲ್ಲದಿದ್ದರೆ ವಾಪಸ್ ಹಾಕಲು ಏನಡ್ಡಿ ಅಂತ ಕೇಳಬಹುದಿತ್ತು. ಮೆಟ್ಟಿಲಿಳಿದ ಮೇಲೆ ಹೊಳೆಯಿತು.

ಆಗಸ್ಟ್ 24, ಶನಿವಾರ — ಮಧ್ಯಾಹ್ನ 12.20

ಹಾಲ್‌ನ ಹೊರಗೆ ಬೆಂಚಿನ ಮೇಲೆ. ನಮ್ಮದು ಆಯಿತು, ಒಳಗೆ ಬೇರೆ ಶಾಲೆಯದು ನಡೆಯುತ್ತಿದೆ. ಪಿಟೀಲು ಕೇಳಿಸುತ್ತಿದೆ.

ಮುಖ ಬಂದಾಗ ನಮ್ಮ ಶಾಲೆಯವರು ಅಭ್ಯಾಸಬಲದಿಂದ ಎಣಿಸಲು ಶುರುಮಾಡಿದರು. ಒಂದು, ಎರಡು. ಅಷ್ಟರಲ್ಲಿ ನನ್ನ ದನಿ ಬಂತು, ನೀವೂ ಮಾತಾಡಬೇಡಿ ಅಂತ. ಮೂರು ಅಂದವರು ಒಬ್ಬರೋ ಇಬ್ಬರೋ. ಆಮೇಲೆ ಯಾರೂ ಎಣಿಸಲಿಲ್ಲ. ಕೊನೆಯಲ್ಲಿ ಚಪ್ಪಾಳೆ ಬರಲಿಲ್ಲ, ಬರುವುದೆಂದು ನಾವೂ ಕಾದಿರಲಿಲ್ಲ. ತೀರ್ಪುಗಾರರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ಡೈರೆಕ್ಟರ್ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು, ಉಗುರು ಮೂಡಿದೆ.

ಎರಡು ಸಾಲು ಮುಂದೆ ಜಡೆಯ ಹುಡುಗಿ. ಪಕ್ಕದಲ್ಲಿ ನೀಲಿ ಅಂಗಿ. ಬಂದಿದ್ದರು.

12.35

ಹೊರಗೆ ಬಂದರು. ಮಗಳು ನೀರು ತರಲು ಹೋದಳು. ಹೋಗಿಬಿಡುತ್ತಾರೆ ಅಂದುಕೊಂಡೆ. ಬೆಂಚಿನ ಈ ತುದಿಗೇ ಬಂದು ಕೂತರು. ಸೊಂಟ ಹಿಡಿದುಕೊಂಡೇ ಕೂತರು.

ಏನು ಬರೀತಿದೀಯ ಅಂದರು. ದಿನಚರಿ ಅಂದೆ. ನನ್ನ ವಿಷಯ ಇದೆಯಾ ಅಂದರು. ಇದೆ ಅಂದೆ. ಎಲ್ಲಿಂದ? ಜುಲೈಯಿಂದ. ಹಾಗಾದ್ರೆ ಓದು, ಕೇಳ್ತೀನಿ, ಏನೂ ಬಿಡಬೇಡ ಅಂದರು.

ಇದನ್ನು ಯಾರೂ ಓದುವುದಿಲ್ಲ ಅಂದುಕೊಂಡೇ ಬರೆದದ್ದು. ಆರನೇ ತಾರೀಕಿನ ಪುಟ ತೆಗೆದಿದ್ದೇನೆ. ಅಲ್ಲಿ ಅವರ ಕಾಲರಿನ ಮಾತಿದೆ, ಹೆಸರು ಗೊತ್ತಿಲ್ಲ ಅಂತ ಇದೆ. ಮೂರು ದಿನ ಬಿಟ್ಟು ನನ್ನ ಖುಷಿ ಇದೆ. ಓದುತ್ತೇನೆ, ಇದೊಂದು ಸಾಲು ಬರೆದುಬಿಡುತ್ತೇನೆ ಅಂದೆ.

"ಆಮೇಲೆ ಬರಿ. ಮೊದಲು ನನ್ನ ಹೆಸರು ಬರ್ಕೋ" ಅಂದರು. ಹೇಳುತ್ತಿದ್ದಾರೆ —